ಹೆಸರು ಓದುವ ದಿನ: ಯಾದಗಿರಿ, ಆಫ್ರಿಕ ಮತ್ತು ಪಾಸ್ಟರುಗಳ ಕೂಟ



ಈ ದತ್ತಿ ಉಪನ್ಯಾಸದ ಕರಾರುಪತ್ರದಲ್ಲಿ ಇರುವುದು ಒಂದೇ ಷರತ್ತು. ಉಪನ್ಯಾಸದ ವಿಷಯ ಯಾದಗಿರಿ ಜಿಲ್ಲೆಗೆ ತಾಗಿರಬೇಕು. ಆಫ್ರಿಕದಲ್ಲಿ ಕಂಡ ಪಾಸ್ಟರುಗಳ ಸಭೆಯೊಂದರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರಲ್ಲೊಬ್ಬರು, "ಸರ್, ಭೀಮಾ ದಾಟಿ ಭಾಳ ದೂರ ಹೊಂಟೀರಿ" ಎಂದರು. ನನಗೆ ಅಷ್ಟು ದೂರ ಅನ್ನಿಸುವುದಿಲ್ಲ. ಎರಡೂ ಕಡೆಗೆ ದಾರಿ ಹಾಕಿದವನು ಒಬ್ಬನೇ ಮನುಷ್ಯ. ಅವನ ಹೆಸರು ಟೇಲರ್.

ಸುರಪುರದವರು ತಲೆಯಾಡಿಸುತ್ತಿದ್ದೀರಿ. ನಿಮ್ಮ ಟೇಲರ್ ಬೇರೆ. 1840ರ ದಶಕದಲ್ಲಿ ಸಂಸ್ಥಾನದ ಉಸ್ತುವಾರಿಗೆ ಬಂದು, ಬಾಲಕ ರಾಜ ವೆಂಕಟಪ್ಪ ನಾಯಕನಿಂದ 'ಅಪ್ಪಾ' ಎಂದು ಕರೆಸಿಕೊಂಡು, ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಅವನು. ನಾನು ಹೇಳುತ್ತಿರುವುದು ವಿಲಿಯಂ ಟೇಲರನ ಮಾತು. 1821ರಲ್ಲಿ ಅಮೆರಿಕದ ವರ್ಜೀನಿಯದಲ್ಲಿ ಹುಟ್ಟಿದವನು. ಚಿನ್ನದ ಆಸೆಗೆ ಜನ ಸ್ಯಾನ್ ಫ್ರಾನ್ಸಿಸ್ಕೋಗೆ ನುಗ್ಗುತ್ತಿದ್ದ ಕಾಲದಲ್ಲಿ ಅಲ್ಲಿನ ಬೀದಿಯಲ್ಲಿ ನಿಂತು ಉಪದೇಶ ಮಾಡಿದ ಮೆಥೊಡಿಸ್ಟ್ ಪ್ರಚಾರಕ. ಎತ್ತರದ ಆಳು, ಉದ್ದ ಗಡ್ಡ, ಭಾರಿ ಗಂಟಲು. 1866ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ. 1870ರ ಕೊನೆಗೆ ಮುಂಬಯಿಯಲ್ಲಿ ಇಳಿದ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಮುಂಬಯಿ, ಪುಣೆ, ಮದರಾಸು, ಬೆಂಗಳೂರಿನಲ್ಲಿ ಸಭೆಗಳನ್ನು ಕಟ್ಟಿದ. ಅವನ ಕೇಳುಗರಲ್ಲಿ ಬಹುಪಾಲು ರೈಲ್ವೆ ಮತ್ತು ತಂತಿ ಇಲಾಖೆಯಲ್ಲಿದ್ದ ಆಂಗ್ಲೋ-ಇಂಡಿಯನ್ನರು, ಯೂರೋಪಿನವರು. ಮುಂಬಯಿಯ ಹಳಿ ಮತ್ತು ಮದರಾಸಿನ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ನಮ್ಮ ಯಾದಗಿರಿ ಸ್ಟೇಷನ್ ಇರುವುದು ಅದೇ ಹಳಿಯ ಮೇಲೆ. ಟೇಲರನ ಸಭೆಗಳಿಂದ 1876ರಲ್ಲಿ 'ಸೌತ್ ಇಂಡಿಯಾ ಕಾನ್ಫರೆನ್ಸ್' ಆಯಿತು. ನಿಜಾಮನ ಸೀಮೆಯ ಕನ್ನಡ ಭಾಗಕ್ಕೆ ಬಂದ ಅಮೆರಿಕನ್ ಮೆಥೊಡಿಸ್ಟ್ ಮಿಷನ್ ಬೆಳೆದದ್ದು ಆ ಬೇರಿನಿಂದ. 1884ರಲ್ಲಿ ಅದೇ ಟೇಲರನನ್ನು ಆಫ್ರಿಕದ ಮಿಷನರಿ ಬಿಷಪ್ ಆಗಿ ಆರಿಸಿದರು. ಮರುವರ್ಷ ಮಕ್ಕಳುಮರಿ ಸಮೇತ ದಂಡು ಕಟ್ಟಿಕೊಂಡು ಅಂಗೋಲದ ಲುವಾಂಡದಲ್ಲಿ ಹಡಗಿನಿಂದ ಇಳಿದ.

ಟೇಲರನ ಕತೆಯಲ್ಲಿ ನನಗೆ ಟೇಲರಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಚಾರ್ಲ್ಸ್ ಪಾಮ್ಲಾ. 1866ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟೇಲರನ ಉಪದೇಶ ಕೇಳಿ ಸಾವಿರಾರು ಜನ ಕ್ರೈಸ್ತರಾದರು ಎಂದು ಮಿಷನ್ ಚರಿತ್ರೆ ಹೇಳುತ್ತದೆ. ಟೇಲರಿಗೆ ಖೋಸಾ ಭಾಷೆಯ ಗಂಧವೂ ಇರಲಿಲ್ಲ. ಅಂದಿನ ಉಪದೇಶವನ್ನು ಮೊದಲು ಪಾಮ್ಲಾನ ಎದುರು ಕೂತು ಬಿಡಿಸಿ ಹೇಳುತ್ತಿದ್ದ. ಆಮೇಲೆ ಸಭೆಯಲ್ಲಿ ಅದನ್ನು ತನ್ನ ಜನಕ್ಕೆ, ತನ್ನ ಜನರ ರೂಢಿಯ ಮಾತಿನಲ್ಲಿ ಮುಟ್ಟಿಸುತ್ತಿದ್ದವನು ಪಾಮ್ಲಾ. ಪುಸ್ತಕ ಬರೆದದ್ದು ಟೇಲರ್, ಹೆಸರಾದದ್ದೂ ಟೇಲರ್. ಪಾಮ್ಲಾನಿಗೆ ಪಾಸ್ಟರ್ ದೀಕ್ಷೆ ಸಿಕ್ಕಿದ್ದು 1871ರಲ್ಲಿ. ಟೇಲರ್ ದೊರೆ ಹಡಗು ಹತ್ತಿ ಹೋದ ಮೇಲೆ ಆ ಸಾವಿರಾರು ಜನರನ್ನು ಹಲವು ದಶಕ ನೋಡಿಕೊಂಡವರು ಪಾಮ್ಲಾನಂಥವರು. ಇವತ್ತು ನನ್ನ ಮಾತು ಇಂಥವರ ಕುರಿತು. ಮಿಷನರಿಗಳನ್ನು ನೋಡಲು ಹೋದವನ ಕಣ್ಣು ಪಾಸ್ಟರುಗಳ ಮೇಲೆ ನೆಡಬೇಕು, ಅದರಲ್ಲೂ ಅವರೆಲ್ಲ ಒಂದೆಡೆ ಕೂಡಿದಾಗ ಅಲ್ಲಿರಬೇಕು ಎಂಬುದು ನನ್ನ ವಾದ.

ಮೆಥೊಡಿಸ್ಟರಲ್ಲಿ ಈ ಕೂಟ ಅವರ ಪಂಥದಷ್ಟೇ ಹಳೆಯದು. ಜಾನ್ ವೆಸ್ಲಿ 1744ರಲ್ಲಿ ಲಂಡನ್ನಿನಲ್ಲಿ ಬೆರಳೆಣಿಕೆಯ ಸಂಗಾತಿಗಳನ್ನು ಕೂಡಿಸಿ ಪ್ರಶ್ನೋತ್ತರದ ರೂಪದಲ್ಲಿ ನಡೆಸಿದ ಸಭೆಯೇ ಮೊದಲನೆಯ ಕಾನ್ಫರೆನ್ಸ್. ಆ ಪದ್ಧತಿ ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಯಾವುದೋ ದೊರೆಯದಿರಬೇಕು ಎಂದುಕೊಂಡವರು ಇಲ್ಲಿ ಬಹಳ ಮಂದಿ ಇರಬಹುದು. ಪೂರ್ವ ಟೆನೆಸಿ, ನೈರುತ್ಯ ವರ್ಜೀನಿಯದ ಮೆಥೊಡಿಸ್ಟ್ ಪಾಸ್ಟರುಗಳು ಸೇರುವ ವಾರ್ಷಿಕ ಕಾನ್ಫರೆನ್ಸಿನ ಹೆಸರು ಅದು. 1824ರಿಂದ ನಡೆದು ಬಂದ ಆ ಕಾನ್ಫರೆನ್ಸ್ ತನ್ನ ಹೆಸರನ್ನು ಅಲ್ಲಿನ ಒಂದು ಹೊಳೆಯಿಂದ ಪಡೆದದ್ದು.

ಈ ಕೂಟದಲ್ಲಿ ನಡೆಯುವುದೇನು? ಮೆಥೊಡಿಸ್ಟ್ ಪಾಸ್ಟರನ್ನು ಊರಿನವರು ಆರಿಸುವುದಿಲ್ಲ. ಪಾಸ್ಟರಿಗೂ ಊರನ್ನು ಆರಿಸಿಕೊಳ್ಳುವ ಹಕ್ಕಿಲ್ಲ. ವರ್ಷಕ್ಕೊಮ್ಮೆ ಬಿಷಪ್ಪರ ಅಧ್ಯಕ್ಷತೆಯಲ್ಲಿ ಎಲ್ಲರೂ ಕೂಡುತ್ತಾರೆ. ಹಾಜರಿ ಕೂಗುತ್ತಾರೆ. ಆ ವರ್ಷ ತೀರಿಕೊಂಡವರನ್ನು ನೆನೆಯುತ್ತಾರೆ. ಒಬ್ಬೊಬ್ಬರ ನಡತೆಯ ಮೇಲೆ ಆಕ್ಷೇಪಣೆ ಉಂಟೇ ಎಂದು ವಿಚಾರಿಸುತ್ತಾರೆ. ವರದಿ, ಲೆಕ್ಕ, ಹೊಸಬರ ದೀಕ್ಷೆ ಎಲ್ಲ ಮುಗಿದು ಕಟ್ಟಕಡೆಗೆ ಬಿಷಪ್ಪರು ಎದ್ದು ನಿಂತು ಪಟ್ಟಿ ಓದುತ್ತಾರೆ. ಇಂಥವರು ಇಂಥ ಊರಿಗೆ. ಕೇಳಿದ ಮೇಲೆ ಹೊರಡಬೇಕು. ವರ್ಗಾವಣೆಯ ಕಾಲದಲ್ಲಿ ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಓಡಾಡುವ ನಮ್ಮ ನೌಕರ ಬಂಧುಗಳಿಗೆ ಈ ಏರ್ಪಾಡು ವಿಚಿತ್ರವೆನಿಸಬಹುದು. ವಶೀಲಿ ಎಂಬುದು ಅಲ್ಲಿ ಕಾಲಿಟ್ಟೇ ಇಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಮನುಷ್ಯರು ಕೂಡಿದ ಕಡೆ ಅದು ಇದ್ದೇ ಇರುತ್ತದೆ.

ನಾನು ಮಿಷನ್ ಶಾಲೆಯ ಮಾಸ್ತರರ ಮಗ. ನಮ್ಮ ಓಣಿಯಲ್ಲಿ ಒಬ್ಬ ಪಾಸ್ಟರರ ವಿಧವೆ ಇದ್ದರು. ಸೀಮೆಎಣ್ಣೆ ಸ್ಟೋವಿನ ಪಕ್ಕದಲ್ಲಿ ಎರಡು ತಗಡಿನ ಟ್ರಂಕು, ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ಹೆಸರು, ಕೆಳಗೆ ಊರ ಹೆಸರು. ಊರ ಹೆಸರನ್ನು ಎಷ್ಟು ಸಲ ಅಳಿಸಿ ಬರೆದಿದ್ದರೆಂದರೆ ಆ ಜಾಗದಲ್ಲಿ ಬಣ್ಣ ದಪ್ಪಗೆ ಗಂಟು ಕಟ್ಟಿತ್ತು. ಆ ಅಜ್ಜಿ ಹೇಳಿದ್ದು ಇದು:

"ಹೆಸರು ಓದ್ಲಿಕ್ಕೆ ಹತ್ತಿದ್ರು ಅಂದ್ರ ನಾವು ಹೆಣ್ಮಕ್ಕಳು ಕಿಡಕಿ ಹೊರಗ ನಿಂತಿರ್ತಿದ್ದಿವಿ. ಊರಿನ ಹೆಸರು ಕಿವಿಗೆ ಬಿದ್ದ ಕೂಡ್ಲೆ ನನಗ ಮೊದ್ಲು ಬರ್ತಿದ್ದ ಚಿಂತಿ, ಆ ಊರಾಗ ಬಾವಿ ಅದನೋ ಇಲ್ಲೋ. ಇದ್ರೂ ನಮಗ ಸೇದ್ಲಿಕ್ಕೆ ಬಿಡ್ತಾರೋ ಇಲ್ಲೋ. ಅವರಿಗೆ ಸಭಾದ ಚಿಂತಿ, ನನಗ ಕೊಡದ್ದು."

ಮಿಷನ್ ಚರಿತ್ರೆಯ ಪುಟಗಳಲ್ಲಿ ಈ ಮಾತಿಗೆ ಜಾಗ ಸಿಕ್ಕಿಲ್ಲ. ಈ ಸೀಮೆಯಲ್ಲಿ ಕ್ರೈಸ್ತರಾದವರು ಬಹುತೇಕ ಹೊಲೆಯ, ಮಾದಿಗ ಕೇರಿಗಳ ಜನ. ಅವರ ಪಾಸ್ಟರ್ ಕೂಡ ಅದೇ ಕೇರಿಯಲ್ಲಿ ಇಳಿದುಕೊಳ್ಳಬೇಕಿತ್ತು. ಊರ ಬಾವಿಯ ಹಗ್ಗ ಅವನಿಗೂ ಇರಲಿಲ್ಲ. ಹಗಲು ಎಲ್ಲರೂ ಹೊಲದಲ್ಲಿ. ಜೋಳ, ತೊಗರಿ, ಹತ್ತಿಯ ಕೆಲಸ ಮುಗಿದು, ರೊಟ್ಟಿ ತಿಂದು, ಜನ ಕೂಡುವ ಹೊತ್ತಿಗೆ ರಾತ್ರಿ ಒಂಬತ್ತು. ಕಂದೀಲಿನ ಬೆಳಕಿನಲ್ಲಿ ಭಜನೆಯ ದಾಟಿಯಲ್ಲಿ ಹಾಡು, ಒಂದು ಪಾಠ, ಪ್ರಾರ್ಥನೆ. ಮರುದಿನ ನಾಲ್ಕಾರು ಹರದಾರಿ ನಡೆದು ಮತ್ತೊಂದು ಹಳ್ಳಿ. ಮಳೆಗಾಲದಲ್ಲಿ ಎರೆಮಣ್ಣು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ವರ್ಷವಿಡೀ ಹೀಗೆ ಒಂಟಿಯಾಗಿ ತಿರುಗಿದವನಿಗೆ ಕಾನ್ಫರೆನ್ಸ್ ಎಂದರೆ ತನ್ನಂಥವರೇ ಕೂಡುವ ಒಂದೇ ಒಂದು ವಾರ. ಅಲ್ಲಿ ಅವನ ಹೆಸರನ್ನು ಕೂಗಿ ಕರೆಯುತ್ತಿದ್ದರು. ಊರಲ್ಲಿ ಗೌಡರ ಮನೆಯ ಹುಡುಗನೂ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದ ಕಾಲ ಅದು.

ಆದರೆ ಕೂಟದ ಒಳಗೂ ಮೇಲು ಕೀಳು ಇತ್ತು. ಇದನ್ನು ಅತಿ ನಿಷ್ಠುರವಾಗಿ ಬಯಲಿಗೆಳೆದದ್ದು ಆಫ್ರಿಕದ ಒಬ್ಬ ಪಾಸ್ಟರ್, ಪ್ರಿಟೋರಿಯದ ಮಂಗೇನಾ ಮೊಕೋನೆ. 1892ರಲ್ಲಿ ಅವನು ಬ್ರಿಟಿಷ್ ಮೆಥೊಡಿಸ್ಟರ ವೆಸ್ಲಿಯನ್ ಸಭೆಗೆ ರಾಜೀನಾಮೆ ಕೊಟ್ಟು, ತನ್ನ ದೂರುಗಳನ್ನು ಪಟ್ಟಿ ಮಾಡಿದ. ಅದರಲ್ಲಿ ಮೊದಲಿಗೇ ಬರುವುದು ಪಾಸ್ಟರುಗಳ ಕೂಟದ ವಿಚಾರ. 1886ರಿಂದ ಬಿಳಿಯ ಪಾಸ್ಟರುಗಳ ಸಭೆ ಬೇರೆ, ಕರಿಯರ ಸಭೆ ಬೇರೆ ಮಾಡಿದರು. ಆಗಲಿ, ಬೇರೆ ಮಾಡಿದರಲ್ಲ, ಕರಿಯರ ಸಭೆಯನ್ನು ಕರಿಯರಿಗೆ ಬಿಟ್ಟರೇ? ಅದೂ ಇಲ್ಲ. ಅಲ್ಲಿಯೂ ಅಧ್ಯಕ್ಷ ಬಿಳಿಯ, ನಡಾವಳಿ ಬರೆಯುವ ಕಾರ್ಯದರ್ಶಿಯೂ ಬಿಳಿಯ. ತಾನು ಕಟ್ಟಿದ ಹೊಸ ಸಭೆಗೆ ಮೊಕೋನೆ 'ಇಥಿಯೋಪಿಯನ್ ಚರ್ಚ್' ಎಂದು ಹೆಸರಿಟ್ಟ. ಆಫ್ರಿಕದ ಸ್ವತಂತ್ರ ಸಭೆಗಳ ದೊಡ್ಡ ಪ್ರವಾಹಕ್ಕೆ ಅದು ಒಂದು ಮೂಲ. ಅಧ್ಯಕ್ಷರ ಕುರ್ಚಿಯ ಮೇಲೆ ಯಾರು, ನಡಾವಳಿ ಪುಸ್ತಕ ಯಾರ ಕೈಯಲ್ಲಿ ಎಂದು ಮೊಕೋನೆ ಕೇಳಿದ ಪ್ರಶ್ನೆಯನ್ನು ಯಾವ ಧರ್ಮದ, ಯಾವ ಪಕ್ಷದ ಕೂಟಕ್ಕೂ ಕೇಳಬಹುದು.

ನಮ್ಮ ಕಡೆ ಇದೇ ನೋವನ್ನು ಹೊರಗೆ ಹಾಕಿದವರು ವಿ. ಎಸ್. ಅಜರಯ್ಯ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನ್ ಸಂಘಗಳ ಮಹಾಸಭೆ ನಡೆಯಿತು. ಕೂತವರಲ್ಲಿ ಬಹುಪಾಲು ಯೂರೋಪು, ಅಮೆರಿಕದ ಮಂದಿ. ಮಿಷನರಿಗಳು ಭಾರತದ ಬಡವರಿಗಾಗಿ ಏನನ್ನಾದರೂ ತ್ಯಾಗ ಮಾಡಬಲ್ಲರು, ಆದರೆ ತಮ್ಮ ಜೊತೆ ದುಡಿಯುವ ಭಾರತೀಯ ಪಾಸ್ಟರನ್ನು ಸ್ನೇಹಿತನೆಂದು ಮನೆಯ ಊಟಕ್ಕೆ ಕರೆಯಲಾರರು ಎಂಬರ್ಥದ ಮಾತನ್ನು ಅಜರಯ್ಯ ಅವರ ಮುಖಕ್ಕೇ ಹೇಳಿದರು. ಎರಡು ವರ್ಷದಲ್ಲಿ ಅವರೇ ದೋರ್ನಕಲ್ಲಿನ ಬಿಷಪ್ಪರಾದರು. ದೋರ್ನಕಲ್ ನಿಜಾಮನ ರಾಜ್ಯದ ಊರು, ಅಂದರೆ ಅಂದಿನ ಯಾದಗಿರಿಯೂ ದೋರ್ನಕಲ್ಲೂ ಒಂದೇ ಸರ್ಕಾರದ ಪ್ರಜೆಗಳು.

ಕನ್ನಡ ನಾಡಿಗೂ ಆಫ್ರಿಕಕ್ಕೂ ಇನ್ನೊಂದು ನಂಟೂ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರು, ಧಾರವಾಡ ಮತ್ತು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್, ಮೂರನ್ನೂ ಒಂದೇ ಕಚೇರಿಯಿಂದ ನಡೆಸುತ್ತಿದ್ದರು. ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ 1851ರಲ್ಲಿ ದೀಕ್ಷೆ ಪಡೆದರೆ, ಗೋಲ್ಡ್ ಕೋಸ್ಟಿನ ಡೇವಿಡ್ ಅಸಾಂಟೆ ಮುಂದೆ ಅದೇ ಶಾಲೆಯಲ್ಲಿ ಓದಿ ದೀಕ್ಷೆ ಪಡೆದ. ಅದರ ವಿವರ ಕರಾವಳಿಯ ಗೆಳೆಯರು ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಆಫ್ರಿಕದವರು ಇಲ್ಲಿಗೆ ಬಂದ ಒಂದು ಸಂದರ್ಭವನ್ನು ಮಾತ್ರ ಬಿಡಲಾರೆ. 1938ರ ಡಿಸೆಂಬರಿನಲ್ಲಿ ಮದರಾಸಿನ ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಮಂಡಳಿಯ ಸಭೆ ಸೇರಿತು. ಎಡಿನ್‌ಬರೋದ ಚಿತ್ರ ಇಲ್ಲಿ ಬದಲಾಗಿತ್ತು. ಏಷ್ಯಾ, ಆಫ್ರಿಕದ ಪ್ರತಿನಿಧಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ದಕ್ಷಿಣ ಆಫ್ರಿಕದಿಂದ ಮೀನಾ ಸೋಗಾ ಎಂಬ ಶಿಕ್ಷಕಿ ಬಂದಿದ್ದರು. ಅದೇ ದೇಶದ ಆಲ್ಬರ್ಟ್ ಲುಥುಲಿಯೂ ಬಂದಿದ್ದರು. ವರ್ಣಭೇದದ ವಿರುದ್ಧದ ಹೋರಾಟಕ್ಕಾಗಿ 1960ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅದೇ ಲುಥುಲಿ. ಅವರ ದೇಶದಲ್ಲಿ ಬಿಳಿಯರೊಂದಿಗೆ ಒಂದೇ ಮೇಜಿನಲ್ಲಿ ಕೂರುವುದು ಕನಸಿನ ಮಾತಾಗಿದ್ದಾಗ ತಾಂಬರಂನಲ್ಲಿ ಸಮಸಮನಾಗಿ ಕೂತು ವಾದಿಸಿದರು. ಮಿಷನ್ ಸಭೆಗಳಿಂದ ಬಂದ ನಾಯಕರು ಲುಥುಲಿ ಒಬ್ಬರೇ ಅಲ್ಲ. ಅಂಗೋಲದ ಮೊದಲ ರಾಷ್ಟ್ರಪತಿ ಅಗೋಸ್ಟಿನ್ಹೋ ನೆಟೋ ಒಬ್ಬ ಮೆಥೊಡಿಸ್ಟ್ ಪಾಸ್ಟರರ ಮಗ. ವಿಲಿಯಂ ಟೇಲರ್ ಲುವಾಂಡದಲ್ಲಿ ಇಳಿಸಿದ ಮಿಷನ್ ಇಂಥ ಮಗನನ್ನು ಕೊಡಬಹುದೆಂದು ಅಲ್ಲಿ ಆಳುತ್ತಿದ್ದ ಪೋರ್ಚುಗೀಸರು ಅಂದುಕೊಂಡಿರಲಾರರು.

ಈಗ ನಾನು ಕಂಡದ್ದಕ್ಕೆ ಬರುತ್ತೇನೆ. ನನ್ನ ಹಳೆಯ ಸ್ನೇಹಿತ ದಂಪತಿ ಜಿಂಬಾಬ್ವೆಯ ಮುತಾರೆ ಸೀಮೆಯಲ್ಲಿ ಮಿಷನರಿಗಳಾಗಿ ಇದ್ದರು. ಆತ ಡಾಕ್ಟರು, ಆಕೆ ನರ್ಸುಗಳಿಗೆ ಪಾಠ ಹೇಳುವವರು. ಅವರನ್ನು ನೋಡಲು ಹೋದವನು ನಾನು. ಊರಿನ ಚರಿತ್ರೆ ಕೇಳಿ. ಸಮುದ್ರದ ಕಡೆಯಿಂದ ಬರುವ ರೈಲಿಗೆ ಗುಡ್ಡ ಅಡ್ಡ ಬಂದದ್ದರಿಂದ ಬ್ರಿಟಿಷರು 1890ರ ದಶಕದಲ್ಲಿ ಇಡೀ ಪಟ್ಟಣವನ್ನೇ ಹಳಿಯ ಪಕ್ಕಕ್ಕೆ ಕಿತ್ತುಕೊಂಡು ಹೋದರು. ಖಾಲಿ ಬಿದ್ದ ಹಳೆಯ ಪಟ್ಟಣದ ಕಟ್ಟಡಗಳನ್ನೂ ಸುತ್ತಲ ಜಮೀನನ್ನೂ ಟೇಲರನ ನಂತರ ಬಂದ ಬಿಷಪ್ ಹಾರ್ಟ್‌ಜೆಲ್‌ಗೆ ಸೆಸಿಲ್ ರೋಡ್ಸನ ಕಂಪನಿ ದಾನ ಮಾಡಿತು. ಆ ನೆಲ ರೋಡ್ಸನ ಅಪ್ಪನ ಗಂಟಾಗಿರಲಿಲ್ಲ ಎನ್ನುವುದನ್ನು ಅಲ್ಲಿನ ಪಾಸ್ಟರುಗಳೇ ನಗುತ್ತ ಹೇಳುತ್ತಾರೆ. ಇಂದು ಅಲ್ಲಿ ಆಸ್ಪತ್ರೆ, ಶಾಲೆ, 1992ರಲ್ಲಿ ಶುರುವಾದ ಆಫ್ರಿಕಾ ವಿಶ್ವವಿದ್ಯಾಲಯ ಎಲ್ಲ ಇವೆ.

ಪಾಸ್ಟರುಗಳ ಕೂಟಕ್ಕೆ ಸ್ನೇಹಿತ ನನ್ನನ್ನೂ ಕರೆದುಕೊಂಡು ಹೋದ. ಉದ್ದನೆಯ ಹಜಾರ, ಮೇಲೆ ತಗಡು. ಒಳಗೆ ಕಾಲಿಟ್ಟವರು ಕೂರುವ ಮೊದಲು ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿನ ನಮಸ್ಕಾರ ಅದು. ಗಂಡಸರು ಅಂಗೈ ಚಾಚಿ ತಟ್ಟುತ್ತಾರೆ, ಹೆಂಗಸರು ಅಂಗೈ ಬೊಗಸೆ ಮಾಡಿ. ಕೆಂಪು ರವಿಕೆ, ನೀಲಿ ಲಂಗ, ಬಿಳಿ ಟೊಪ್ಪಿಗೆಯ ಹೆಂಗಸರ ತಂಡ ನಗಾರಿ, ಬುರುಡೆ ಗಿಲಕಿಯ ಮೇಳದಲ್ಲಿ ಹಾಡಿತು. ರುಕ್ವಾಡ್ಜಾನೋ ಎಂಬ ಅವರ ಸಂಘವನ್ನು ಸುಮಾರು ನೂರು ವರ್ಷದ ಹಿಂದೆ ಹುಟ್ಟುಹಾಕಿದವರು ಲಿಡಿಯಾ ಚಿಮೊನ್ಯೋ ಮುಂತಾದ ಪಾಸ್ಟರುಗಳ ಹೆಂಡತಿಯರು. ನಮ್ಮ ಓಣಿಯ ಅಜ್ಜಿ ಕಿಡಕಿಯ ಹೊರಗೆ ನಿಂತಿದ್ದರು. ಇವರು ಒಳಗೆ ಬಂದಿದ್ದರು. ಅಂದಿನ ಸಭೆಯ ಅಧ್ಯಕ್ಷೆಯೂ ಒಬ್ಬ ಮಹಿಳಾ ಪಾಸ್ಟರೇ. ಹೆಂಗಸರಿಗೆ ಪೂರ್ಣ ದೀಕ್ಷೆಯ ಹಕ್ಕನ್ನು ಅಮೆರಿಕನ್ ಮೆಥೊಡಿಸ್ಟರು ಕೊಟ್ಟದ್ದು 1956ರಲ್ಲಿ.

ದೊಡ್ಡ ದೇವತಾಶಾಸ್ತ್ರದ ಚರ್ಚೆ ನಿರೀಕ್ಷಿಸಿದವರಿಗೆ ಅಲ್ಲಿ ನಿರಾಶೆಯೇ. ಗಾಳಿಗೆ ಹಾರಿದ ಚರ್ಚಿನ ತಗಡು. ತಿಂಗಳುಗಟ್ಟಲೆ ಬಾರದ ಸಂಬಳ. ಕೆಟ್ಟು ನಿಂತ ಬೈಕು. ಶವಸಂಸ್ಕಾರಕ್ಕೆ ಹೋಗಿ ಬರಲು ಪೆಟ್ರೋಲಿನ ಖರ್ಚು ಯಾರದು. ಒಬ್ಬ ಹಿರಿಯ ಪಾಸ್ಟರ್ ಎದ್ದು ಶೋನಾ ಭಾಷೆಯಲ್ಲಿ ಮಾತಾಡಿದ, ಸ್ನೇಹಿತ ಕಿವಿಯಲ್ಲಿ ಅರ್ಥ ಹೇಳಿದ. ಮೊದಲು ತನ್ನ ಊರಿಗೆ ಸುವಾರ್ತೆ ತಂದ ಆಫ್ರಿಕನ್ ಬೋಧಕರ ಹೆಸರುಗಳನ್ನು ಒಂದೊಂದಾಗಿ ಹೇಳಿದ. ಅದರಲ್ಲಿ ಒಬ್ಬನೂ ಬಿಳಿಯನಿಲ್ಲ. ಆಮೇಲೆ ವರದಿ: ಸಭೆಯಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿದಿದ್ದಾರೆ, ದುಡಿಯುವ ವಯಸ್ಸಿನವರೆಲ್ಲ ಜೋಹಾನ್ಸ್‌ಬರ್ಗಿನಲ್ಲಿ. ಇದನ್ನು ಕೇಳುವಾಗ ನನಗೆ ಕಂಡದ್ದು ವಡಗೇರಾ, ಹುಣಸಗಿ ಕಡೆಯ ಹಳ್ಳಿಗಳು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋದವರ ಮನೆಗೆ ಬೀಗ, ಕಟ್ಟೆಯ ಮೇಲೆ ಅಜ್ಜಿ ಮೊಮ್ಮಕ್ಕಳು. ನಾರಾಯಣಪುರ ಅಣೆಕಟ್ಟಿನ ನೀರು ಬಂದ ಮೇಲೂ ಇದು ನಿಂತಿಲ್ಲ. ಯಾದಗಿರಿಯ ಪಾಸ್ಟರ್ ತನ್ನ ಮಂದಿಯನ್ನು ಹುಡುಕಿಕೊಂಡು ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋಗಬೇಕಾದ ಕಾಲ ಇದು.

ನನ್ನ ಸ್ನೇಹಿತ ಕೂತದ್ದು ಕೊನೆಯ ಸಾಲಿನಲ್ಲಿ. ಅವನಿಗೆ ಬಿಪಿ, ಸಕ್ಕರೆ ಕಾಯಿಲೆ ಬಗ್ಗೆ ಕಾಲು ಗಂಟೆ ಮಾತಾಡಲು ಕೊಟ್ಟಿದ್ದರು. ಅದು ಮುಗಿದ ಕೂಡಲೇ ಅಧ್ಯಕ್ಷೆ ಗಡಿಯಾರ ನೋಡಿದರು, ಅವನು ಬಂದು ಕೂತ. ಮಿಷನರಿಗೆ ಈಗ ಕೆಲಸದ ಜಾಗ ಗೊತ್ತು ಮಾಡುವುದು ಅಲ್ಲಿನ ಬಿಷಪ್ಪೇ. ಊಟಕ್ಕೆ ಒಂದೇ ಸಾಲು. ಅತ್ಯಂತ ಕಿರಿಯ ಪಾಸ್ಟರ್ ತಂಬಿಗೆ ಹಿಡಿದು ಎಲ್ಲರ ಕೈಗೆ ನೀರು ಹಾಕಿದ. ಮೆಕ್ಕೆಜೋಳದ ಹಿಟ್ಟಿನ ಸಾಡ್ಜಾ, ಹೆಚ್ಚುಕಮ್ಮಿ ನಮ್ಮ ಸಂಗಟಿಯಂಥದ್ದು, ಅದರ ಜೊತೆ ಸೊಪ್ಪಿನ ಪಲ್ಯ. ಅಜರಯ್ಯನವರು ಕೇಳಿದ ಊಟ ಇಷ್ಟೇ.

ಹಾಗಾದರೆ ಅಲ್ಲಿ ಎಲ್ಲ ಸರಿಯಾಗಿದೆ, ಇಲ್ಲಿ ಇಲ್ಲ ಎಂದೇ? ಇಲ್ಲ. ನಮ್ಮಲ್ಲಿ ಮೆಥೊಡಿಸ್ಟರಿಗೆ ಭಾರತೀಯ ಬಿಷಪ್ 1930ರ ದಶಕದ ಆರಂಭದಲ್ಲೇ ಬಂದರು, ಜಶ್ವಂತ್ ರಾವ್ ಚಿತಂಬರ್. ಜಿಂಬಾಬ್ವೆಗೆ ತನ್ನವನೇ ಆದ ಮೆಥೊಡಿಸ್ಟ್ ಬಿಷಪ್ ಅಬೆಲ್ ಮುಜೊರೆವಾ ಸಿಕ್ಕಿದ್ದು 1968ರಲ್ಲಿ. 1947ರಲ್ಲಿ ಮೈಸೂರು ಕಡೆಯ ವೆಸ್ಲಿಯನ್ನರು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಸೇರಿದಾಗ ನಮ್ಮ ಕಡೆಯ ಅಮೆರಿಕನ್ ಮೆಥೊಡಿಸ್ಟರು ಸೇರಲಿಲ್ಲ. 1981ರ ಜನವರಿಯಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಪೂರ್ತಿ ಸ್ವತಂತ್ರವಾಯಿತು. ಕುರ್ಚಿ ನಮ್ಮದಾಯಿತು. ಕುರ್ಚಿ ನಮ್ಮದಾದ ಮೇಲೆ ಆಸ್ತಿಯ ವ್ಯಾಜ್ಯ, ಗುಂಪುಗಾರಿಕೆ ದೇಶದ ಸಭೆಗಳಿಗೆಲ್ಲ ಅಂಟಿದವು. ಎರಡು ಕೇರಿಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಬೀಗತನಕ್ಕೆ ಇನ್ನೂ ಹಿಂದೆಮುಂದೆ ನೋಡುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಊರಿನವರ ಕಣ್ಣಿಗೆ 1950ರ ಹಿಂದೆಯೂ ಮುಂದೆಯೂ ಅವನು ಅದೇ ಕೇರಿಯವನು. ಪಾಸ್ಟರುಗಳು ಕೂಡಿದಾಗ ಈ ಮಾತು ಬಾರದೆ ಸಭೆ ಮುಗಿಯುವುದಿಲ್ಲ.

ಮೊಕೋನೆ ಎತ್ತಿದ ಎರಡನೆಯ ಪ್ರಶ್ನೆಗೆ, ನಡಾವಳಿ ಯಾರ ಕೈಯಲ್ಲಿ ಎಂಬುದಕ್ಕೆ, ನಾವು ಉತ್ತರ ಕೊಡುವುದು ಬಾಕಿ ಇದೆ. ಯಾದಗಿರಿ, ಶಹಾಪುರ, ಸುರಪುರದಲ್ಲಿ ತಿರುಗಿದ ಮಿಷನರಿಗಳ ಪತ್ರ, ವರದಿ, ಫೋಟೊಗಳನ್ನು ಅಮೆರಿಕದ ಗ್ರಂಥಾಲಯಗಳು ಜೋಪಾನವಾಗಿ ಇಟ್ಟಿವೆ. ನಮ್ಮ ಪಾಸ್ಟರುಗಳ, ಹಳ್ಳಿ ಹಳ್ಳಿ ನಡೆದು ಹೆಂಗಸರಿಗೆ ಅಕ್ಷರ ಕಲಿಸಿದ ಬೈಬಲ್ ವುಮನ್‌ಗಳ ದಿನಚರಿ, ದೀಕ್ಷಾಸ್ನಾನದ ರಿಜಿಸ್ಟರು, ಸಭೆಯ ಲೆಕ್ಕದ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗಿವೆ. ಇವು ಒಂದು ಧರ್ಮದವರ ಕಾಗದಪತ್ರ ಎಂದು ಉಳಿದವರು ಸುಮ್ಮನಿರಬೇಡಿ. ಈ ಸೀಮೆಯ ಕೇರಿಗಳಲ್ಲಿ ಯಾರು ಯಾವ ವರ್ಷ ಶಾಲೆಗೆ ಬಂದರು, ಯಾವ ಬರಗಾಲಕ್ಕೆ ಎಷ್ಟು ಮನೆ ಊರು ಬಿಟ್ಟವು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ದಾಖಲೆ ಸಿಗುವುದು ಕಷ್ಟ.

ಕಲಬುರಗಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಕನ್ನಡ ಓದುತ್ತಿರುವ ಹುಡುಗ ಹುಡುಗಿಯರು ಇಲ್ಲಿ ಹಿಂದಿನ ಸಾಲುಗಳಲ್ಲಿದ್ದೀರಿ. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರು ಈ ಜಿಲ್ಲೆಯ ಹಳೆಯ ಪಾಸ್ಟರುಗಳ ಮನೆಗಳಿಗೆ ಹೋಗಿ. ಎಂಬತ್ತು ದಾಟಿದವರ ಮಾತನ್ನು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ, ಹೆಂಗಸರನ್ನು ಮೊದಲು ಕೇಳಿ. ಮನೆಯಲ್ಲಿ ಕಾನ್ಫರೆನ್ಸಿನ ಗುಂಪು ಫೋಟೊ ಇರುವವರಿಗೆ ಒಂದು ವಿನಂತಿ. ಮುಂದೆ ಕುರ್ಚಿಯಲ್ಲಿ ಕೂತ ದೊರೆಗಳ ಹೆಸರು ಕೆಳಗೆ ಅಚ್ಚಾಗಿರುತ್ತದೆ, ಹಿಂದೆ ರುಮಾಲು ಸುತ್ತಿ ನಿಂತವರದು ಇರುವುದಿಲ್ಲ. ಅವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ವಾರದಲ್ಲಿ ಒಂದು ದಿನ ಅವರ ಪಕ್ಕ ಕೂತು, ಫೋಟೊದ ಹಿಂಬದಿಗೆ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆಯಿರಿ. ಪೆನ್ನು ಬೇಡ, ಶಾಯಿ ಫೋಟೊವನ್ನು ತಿನ್ನುತ್ತದೆ.